ಹೊಸತೊಡಕಿನ ದಿನ ರಕ್ತದಾನ

ಯುಗಾದಿಯ ಮರುದಿನ, ಹೊಸತೊಡಕಿನಂದು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆಂದು ಹೊಳೆನರಸೀಪುರದಲ್ಲಿ ಎಲ್ಲರೂ ನಂಬಿದ್ದರು. ಆ ದಿನವೇ ಊರಿನ ಆಸ್ಪತ್ರೆಯಲ್ಲಿ ರಕ್ತದಾನ ಶಿಬಿರ ಇಟ್ಟ ನಮ್ಮ ಸ್ವಯಂಸೇವಕರ ತಂಡಕ್ಕೆ ಬುದ್ಧಿಯಿಲ್ಲವೆಂದು ನಾನು ನಂಬಿದ್ದೆ. ಮಧ್ಯಾಹ್ನದವರೆಗೂ ಒಬ್ಬರೂ ಬರಲಿಲ್ಲ. ಊರೆಲ್ಲ ಹಬ್ಬದ ಬಾಡೂಟಕ್ಕೆಂದು ಮಟನ್ ಅಂಗಡಿ ಮುಂದಿತ್ತು. ಆಮೇಲೆ ಹೆರಿಗೆ ವಾರ್ಡಿನಿಂದ ಒಬ್ಬ ತಾಯಿ ಮಗನನ್ನು ಎಳೆದುಕೊಂಡು ಬಂದಳು. ಬಾಣಂತಿ ಮಗಳಿಗೆ ತುರ್ತಾಗಿ ರಕ್ತ ಬೇಕಿತ್ತು, ಅಣ್ಣನದೂ ಅದೇ ಗುಂಪು.

ಅವನು ಬಾಗಿಲು ಬಿಟ್ಟು ಒಳಗೆ ಬರಲೊಲ್ಲ. "ಇವತ್ತು ಕೊಟ್ರೆ ವರ್ಷೆಲ್ಲ ಕೊಡ್ಬೇಕಾಯ್ತದೆ ಕಣವ್ವಾ."

"ಅಂಗಾರೆ ನಿನ್ ತಂಗಿ ವರ್ಷೆಲ್ಲ ಆಸ್ಪತ್ರೇಲೇ ಮಲ್ಗಿರ್ಬೇಕೇನ್ಲಾ? ಮಲೀಕಳ್ಲಾ ಮೊದ್ಲು!"

ಅವನು ಒಳಗೆ ಬಂದ. ಮಲಗಿದ, ಕೊಟ್ಟ. ಎದ್ದು ಕೂತು, ವಿಧಿಗೆ ತಲೆಬಾಗಿದವನಂತೆ ನನ್ನನ್ನು ಕೇಳಿದ: "ನಾಳೀಕೆ ಎಷ್ಟೊತ್ಗೆ ಬರ್ಲಿ ಸಾ?"

ಒಮ್ಮೆ ಕೊಟ್ಟವರಿಂದ ಮೂರು ತಿಂಗಳು ಮತ್ತೆ ರಕ್ತ ತೆಗೆಯುವಂತಿಲ್ಲ. ಮೂರು ತಿಂಗಳಿಗೊಮ್ಮೆ ಬಂದರೆ ವರ್ಷವಿಡೀ ಕೊಟ್ಟಂತೆಯೇ ಎಂದೆ.