ಅಳಿಸಿದ ಹನ್ನೊಂದು ಪೆನ್ಸಿಲ್ ಗುರುತು

ಬುಧವಾರ, 9 ನವೆಂಬರ್ 1988, ಸಂಜೆ 4.10. ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: "ಪುಸ್ತಕದ ಪುಟ ಸ್ವಚ್ಛ ಮಾಡಿದೆ. ಅಳಿಸಿದ ಪೆನ್ಸಿಲ್ ಗುರುತು 11." ಎಷ್ಟು ಹೆಮ್ಮೆಯಿತ್ತೆಂದರೆ 11ರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ಮಸ್ಕತ್‌ನ ಹಮ್ರಿಯಾದಲ್ಲಿ ವಾಸ, ಅಲ್ ಹೈಲ್ ದಾಟಿ ಗುಡ್ಡಗಳ ಕಡೆಗಿದ್ದ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಗುಮಾಸ್ತನ ಕೆಲಸ. ಸದಸ್ಯರು ಗುರಿಹಲಗೆಗೆ ಹೊಡೆದು ಬಿಟ್ಟ ಖಾಲಿ ತೋಟಾಗಳನ್ನು ಹೆಕ್ಕಿ, ತೊಳೆದು, ಮದ್ದು ತೂಗಿ ಹಾಕಿ, ಹೊಸ ಗುಂಡು ಕೂರಿಸುವುದು ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತರಾದ, ಮಂಗಳೂರಿನ ಒಬ್ಬ ಹಿರಿಯರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ನನ್ನ ಪಟ್ಟಿ, ಲೆಕ್ಕ, ಟಿಕ್‌ಗಳನ್ನು ಕಂಡು ಅವರು ನನ್ನನ್ನು ಶಾನುಭೋಗರೇ ಎನ್ನುತ್ತಿದ್ದರು. ಹೊಸದಾಗಿ ತುಂಬಿದ ಪೆಟ್ಟಿಗೆಯ ಮೊದಲ ತೋಟಾ ಹೊಡೆಯುವುದು ಅವರೇ, ಅದು ಅವರದೇ ನಿಯಮ. ಮದ್ದು ಹೆಚ್ಚಾಗಿದ್ದರೆ ಕೋವಿ ಸಿಡಿಯುವುದು ಅವರ ಕೆನ್ನೆಯ ಪಕ್ಕದಲ್ಲಿ.

ಯಾವ ಮದ್ದು ಎಷ್ಟು ತೂಕ ಹಾಕಬೇಕೆಂಬುದು ಒಂದು ದಪ್ಪ ಪುಸ್ತಕದಲ್ಲಿತ್ತು. ಎಣ್ಣೆ ಕೈ ತಾಗಿ ತಾಗಿ ಪುಟಗಳು ಕಂದಿದ್ದವು. ಬೇಕಾದ ಪುಟವನ್ನು ಟೈಪ್ ಮಾಡಿ ಗೋಡೆಗೆ ಅಂಟಿಸುತ್ತೇನೆ ಎಂದು ನಾನೇ ಮುಂದೆ ಬಿದ್ದೆ. ಮೊದಲು ರಬ್ಬರು. ಅಂಚಿನಲ್ಲಿ ಕನ್ನಡದಲ್ಲಿ ಯಾರೋ ಏನೋ ಗೀಚಿದ್ದರು. ಹೊತ್ತು ಹೋಗದವರ ಕೆಲಸ ಎಂದುಕೊಂಡು ಓದದೆ ಉಜ್ಜಿದೆ. ಆಮೇಲೆ ಸಾಲಿನ ಕೆಳಗೆ ಅಡಿಕೋಲಿಟ್ಟು ಕರಡು ಬರೆದೆ. ಕರಡಿನಿಂದ ಟೈಪು. ಟೈಪಾದದ್ದನ್ನು ಕರಡಿನೊಂದಿಗೆ ಎರಡು ಸಲ ತಾಳೆ ನೋಡಿದೆ. ಹದಿನೆಂಟು ಸಾಲು, ಮೂವತ್ತಾರು ಟಿಕ್. ಪುಸ್ತಕ ಬೀರು ಸೇರಿತು. ಅಂಕಲ್ ಪಕ್ಕದ ಮೇಜಿನಲ್ಲಿ ಕೋವಿಗಳ ನಳಿಗೆ ಉಜ್ಜುತ್ತಿದ್ದಾಗ ನಾನು ಮೊದಲ ಸಲ ಒಬ್ಬನೇ ಇಪ್ಪತ್ತು ತೋಟಾ ತುಂಬಿ ಪೆಟ್ಟಿಗೆ ಮುಚ್ಚಿದೆ.

ಗುರುವಾರ ರಜೆ, ಸದಸ್ಯರು ಬರುವ ದಿನ. ಬೆಳಿಗ್ಗೆ 6.50ಕ್ಕೆ ಅಂಕಲ್ ಕೋವಿ ಹಿಡಿದು ಬಂದವರು ಪೆಟ್ಟಿಗೆ ಮುಟ್ಟಲಿಲ್ಲ.

"ಶಾನುಭೋಗರೇ, ಪುಸ್ತಕ ಎಲ್ಲಿ?"

"ಬೀರುವಲ್ಲಿ ಉಂಟು ಅಂಕಲ್. ಹಾಳೆ ಗೋಡೆಯಲ್ಲೇ ಉಂಟಲ್ಲ?"

"ಹಾಳೆ ಚಂದ ಉಂಟು ಮಾರಾಯ, ಮದುವೆ ಕಾಗದದ ಹಾಗೆ ಉಂಟು. ನೀನು ಪುಸ್ತಕ ತಾ."

"ಎರಡು ಸಲ ಚೆಕ್ ಮಾಡಿದ್ದೇನೆ."

"ಯಾವುದಕ್ಕೆ ಹಿಡಿದು?"

"ಕರಡಿಗೆ."

"ಕರಡು ಬರೆದದ್ದು ಯಾರು?"

"ನಾನೇ."

"ಅಂದ್ರೆ ನಿನ್ನ ಹತ್ತಿರ ನೀನೇ ಕೇಳಿದ್ದು, ಸರಿ ಉಂಟು ಅಂತ ನೀನೇ ಹೇಳಿದ್ದು. ಕೆನ್ನೆ ಮಾತ್ರ ನಂದು, ಅಲ್ವಾ?"

ಪುಸ್ತಕ ತಂದೆ. ಅವರ ಕ್ರಮವೇ ಬೇರೆ. ನಾನು ಹಾಳೆಯನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಅಂಕಿ ಮೊದಲು, ಮದ್ದಿನ ಹೆಸರು ಆಮೇಲೆ. ಅವರ ಬೆರಳು ಪುಸ್ತಕದಲ್ಲಿ ಹತ್ತುತ್ತಾ ಬರುತ್ತದೆ. ಹಾಗೆ ಓದಿದರೆ ನಾಲಿಗೆ ತನ್ನಷ್ಟಕ್ಕೆ ಓಡುವುದಿಲ್ಲ. ಹತ್ತು ಸಾಲು ನಗುತ್ತಾ ಕೇಳಿದರು. ಹನ್ನೊಂದನೆಯದಕ್ಕೆ ಬೆರಳು ನಿಂತಿತು.

"ಪುನಃ ಓದು."

ಓದಿದೆ.

"ಇನ್ನೊಮ್ಮೆ."

ಆಗ ಅವರು ನಗುತ್ತಿರಲಿಲ್ಲ. ಅಡಿಕೋಲು ಜಾರಿ, ಆ ಮದ್ದಿನ ಮುಂದೆ ನಾನು ಅದರ ಕೆಳಗಿನ ಸಾಲಿನ ತೂಕ ಬರೆದಿದ್ದೆ. ಅದು ಹೆಚ್ಚಿನ ತೂಕ. ಇಪ್ಪತ್ತಕ್ಕೆ ಇಪ್ಪತ್ತೂ ತೋಟಾಗಳಿಗೆ ಹಾಕಿದ್ದು ಅದೇ ಮದ್ದು. ಎರಡು ಸಾಲಿಗೆ ಒಂದೇ ಅಂಕಿ ಇರುವುದು ನಿನ್ನೆ ನನ್ನ ಕಣ್ಣಿಗೂ ಬಿದ್ದಿತ್ತು. ಬಿದ್ದು, ಟಿಕ್ ಆಗಿ ಎದ್ದಿತ್ತು.

ಅಂಕಲ್ ಕೋವಿಯನ್ನು ಹೋಗಿ ಸ್ಟ್ಯಾಂಡಿನಲ್ಲಿಟ್ಟು ಬಂದರು. "ಬಾ, ಕೆಲಸ ಉಂಟು" ಎಂದರು. ತೋಟಾ ಬಿಚ್ಚಲು ಸುತ್ತಿಗೆಯಂಥ ಒಂದು ಸಾಮಾನಿದೆ. ತೋಟಾ ಅದರೊಳಗಿಟ್ಟು ಮರದ ದಿಮ್ಮಿಗೆ ಬಡಿಯಬೇಕು, ಗುಂಡು ಕಳಚಿ ಬರುವವರೆಗೆ. ಇಪ್ಪತ್ತನ್ನೂ ನಾನೇ ಬಡಿದೆ. ಹೊರಗೆ ಕಾಯುತ್ತಿದ್ದ ಒಮಾನಿ ಸದಸ್ಯರೊಬ್ಬರು ಎರಡು ಸಲ ಬಾಗಿಲಲ್ಲಿ ಇಣುಕಿ "ಖಲಾಸ್?" ಎಂದು ಕೇಳಿ ಹೋದರು.

"ಎಷ್ಟು ಪೆಟ್ಟು, ಎಣಿಸಿದ್ಯಾ?"

"ತೊಂಬತ್ತೇಳು."

"ನೀನು ಎಣಿಸ್ತಿ ಅಂತ ಗೊತ್ತಿತ್ತು ನನಗೆ! ಬರ್ಕೋ, ಬರ್ಕೋ."

ಪುಸ್ತಕ ಮುಚ್ಚುವಾಗ ಕಿಟಕಿಯ ಬಿಸಿಲು ಓರೆಯಾಗಿ ಪುಟದ ಮೇಲೆ ಬಿತ್ತು. ಸೀಸ ಹೋಗಿದ್ದರೂ ಪೆನ್ಸಿಲ್ ಒತ್ತಿದ ತಗ್ಗು ಉಳಿದಿತ್ತು. ಅದೇ ಸಾಲಿನ ಪಕ್ಕ, ಕನ್ನಡದಲ್ಲಿ: "ಇಲ್ಲಿ ಸಾಲು ತಪ್ಪುತ್ತದೆ. ಅಂಕಿ ಮೊದಲು ಓದಿ."

ಅಂಕಲ್‌ಗೆ ತೋರಿಸಿ, ಅಳಿಸಿದ್ದು ನಾನೇ ಎಂದೆ.

"ನಾನು ಎಂಬತ್ತನಾಲ್ಕರಲ್ಲಿ ಬರುವಾಗಲೇ ಇತ್ತು ಅದು. ಅಂಕಿ ಮೊದಲು ಓದ್ಲಿಕ್ಕೆ ನಾನು ಕಲಿತದ್ದೇ ಅದನ್ನು ನೋಡಿ. ಅಲ್ಲ ಮಾರಾಯ, ನನ್ನ ಗುರುವಿಗೇ ರಬ್ಬರ್ ಹಾಕಿದ್ಯಲ್ಲ!"

ತಗ್ಗಿನ ಮೇಲೆಯೇ ಪೆನ್ಸಿಲ್ ಆಡಿಸಿ ಆ ಎರಡು ಮಾತನ್ನು ಮತ್ತೆ ಬರೆದೆ. ಟೈಪು ಮಾಡಿದ ಹಾಳೆ ಹರಿದೆ. ಉಳಿದ ಹತ್ತು ಗುರುತುಗಳು ಬರೀ ಗೆರೆ, ಚುಕ್ಕೆ. ಬಿಸಿಲಿಗೆ ಎಷ್ಟು ಓರೆ ಹಿಡಿದರೂ ಅವು ಏನು ಹೇಳುತ್ತಿದ್ದವೆಂದು ತಿಳಿಯಲಿಲ್ಲ.

ಬರೆದವರ ಹೆಸರು ಅಂಕಲ್‌ಗೂ ಗೊತ್ತಿರಲಿಲ್ಲ. ಅಕ್ಷರ ದುಂಡಗೆ, 'ಪ್ಪ'ದ ಒತ್ತು ಮಾತ್ರ ಕೆಳಗಿನ ಸಾಲಿಗೆ ತಾಗುವಷ್ಟು ಉದ್ದ. 1984ಕ್ಕೆ ಮೊದಲು ಮಸ್ಕತ್ ಕಡೆಯ ಅಂಥ ಕೋಣೆಯಲ್ಲಿ ತೋಟಾ ತುಂಬುತ್ತಿದ್ದ ಕನ್ನಡಿಗರೊಬ್ಬರನ್ನು ಬಲ್ಲವರು ದಯವಿಟ್ಟು ನನಗೆ ಎರಡು ಸಾಲು ಬರೆಯಿರಿ. ಒಂದು ಕೆನ್ನೆ ಉಳಿಯಿತೆಂದು ಅವರಿಗೆ ತಿಳಿಸಬೇಕು. ಆ ಹತ್ತು ಗುರುತುಗಳ ವಿಷಯವನ್ನೂ, ಬೈಯಿಸಿಕೊಂಡಾದರೂ, ಕೇಳಬೇಕು.