ಹನ್ನೆರಡು ವೋಲ್ಟ್ ಇತ್ತು, ಕಾರು ಹೋಗಲಿಲ್ಲ

"ದೇವರಿಗೇ ಬ್ಯಾಡಾಗೈತಿ. ಗಾಡಿ ತಿರುಗಿಸಲೇ ಈರ್ಯಾ, ಮನಿಗೆ ಹೋಗೂಣು."

ಹಿಂದಿನ ಸೀಟಿನಿಂದ ದೊಡ್ಡವ್ವ ತೀರ್ಪು ಕೊಟ್ಟಳು. ತಿರುಗಿಸಬೇಕಾದರೂ ಗಾಡಿ ಚಾಲೂ ಆಗಬೇಕಲ್ಲ?

ಹುನಗುಂದ ದಾಟಿ ಅಮೀನಗಡದ ಕಡೆ ಮೂರ್ನಾಲ್ಕು ಕಿಲೋಮೀಟರ್ ಬಂದಿದ್ದೆವು. ಬೆಳಿಗ್ಗೆ ಎಂಟೂವರೆ. ಹನ್ನೊಂದಕ್ಕೆ ಬಾಗಲಕೋಟೆಯ ದವಾಖಾನೆಯಲ್ಲಿ ದೊಡ್ಡವ್ವನ ಕಣ್ಣಿನ ಪೊರೆಯ ಆಪರೇಷನ್. ಇಳಕಲ್ಲಿನಲ್ಲಿ ನಲವತ್ತು ವರ್ಷ ಸೀರೆ ನೇಯ್ದ ಕಣ್ಣು ಅವು. ಈಗ ಬಾಗಿಲಲ್ಲಿ ನಿಂತವರು ಯಾರು ಅಂತ ದನಿ ಕೇಳಿ ಹೇಳುತ್ತಾಳೆ. ಅವಳನ್ನು ಒಪ್ಪಿಸಲು ನಮಗೆ ಎರಡು ವರ್ಷ ಹಿಡಿದಿತ್ತು. ಇವತ್ತು ವಾಪಸ್ ಹೋದರೆ ಮತ್ತೆ ಒಪ್ಪುವ ಹೆಂಗಸಲ್ಲ.

"ಬಸ್ಸಿಗೆ ಹೋಗೂಣ ದೊಡ್ಡವ್ವ."

"ಹೋಗೂಣಂತ. ಮನಿ ಕಡೆ, ಇಳಕಲ್ ಬಸ್ ಬಂದ್ರ ಹೇಳು."

ಕಾರಿನ ವಿಷಯ ನಿಮಗೆ ಗೊತ್ತೇ ಇದೆ. ಎರಡು ತಿಂಗಳ ಹಿಂದೆ ಪೇಪರಿನ ಇದೇ ಅಂಕಣದಲ್ಲಿ ಬರೆದಿದ್ದೆ. ಅಪ್ಪನ ಹಳೇ ಪೆಟ್ರೋಲ್ ಕಾರಿನ ಎಂಜಿನ್ ಕಿತ್ತು, ಮೋಟಾರು, ಬ್ಯಾಟರಿ ಕೂಡಿಸಿ ಮನೆಯಲ್ಲೇ ಎಲೆಕ್ಟ್ರಿಕ್ ಮಾಡಿದ ಕಥೆ. ಜೊತೆಗೊಂದು ಫೋಟೋ. ಬಾನೆಟ್ ಮೇಲೆ ಕೈ ಊರಿ ನಾನು ನಗುತ್ತಿರುವುದು. (ಆರ್‌ಟಿಒ ಸಾಹೇಬರು ಓದುತ್ತಿದ್ದರೆ: ಕಾಗದಪತ್ರ ಎಲ್ಲ ಸರಿ ಇವೆ. ಸರಿ ಇಲ್ಲದ್ದು ವೈರಿಂಗ್ ಒಂದೇ.)

ದೊಡ್ಡವ್ವನಿಗೆ ನೀರು ಕುಡಿಸಲು ನಿಲ್ಲಿಸಿದ್ದೆ, ಅಷ್ಟೇ. ಚಾವಿ ತಿರುಗಿಸಿದರೆ ಬಾನೆಟ್ ಒಳಗೆ ಟಕ್ ಅನ್ನಬೇಕು. ಅದು ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚಿನ ಸದ್ದು. ಚಾವಿ ಕೊಟ್ಟಾಗ ಸಣ್ಣ ಬ್ಯಾಟರಿಯ ಹನ್ನೆರಡು ವೋಲ್ಟ್ ಬಂದು ಈ ಸ್ವಿಚ್ಚನ್ನು ಎಳೆಯುತ್ತದೆ. ಆಗ ದೊಡ್ಡ ಬ್ಯಾಟರಿಗೂ ಮೋಟಾರಿಗೂ ಸಂಬಂಧ ಕೂಡುತ್ತದೆ. ಟಕ್ ಇಲ್ಲವೆಂದರೆ ಕಾರು ಇಲ್ಲ. ಹಾರ್ನ್ ಹೊಡೆಯುತ್ತಿತ್ತು. ಲೈಟು ಉರಿಯುತ್ತಿತ್ತು. ಟಕ್ ಮಾತ್ರ ಇಲ್ಲ.

ನಾನೇನು ಸಾಮಾನ್ಯ ಮನುಷ್ಯನೇ? ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವ ಮೇಷ್ಟ್ರು. ಮಲ್ಟಿಮೀಟರ್ ತೆಗೆದೆ. ದೊಡ್ಡ ಬ್ಯಾಟರಿ: ಸರಿ. ಫ್ಯೂಸ್: ಸರಿ. ಕಾಂಟ್ಯಾಕ್ಟರಿಗೆ ಬರುವ ಎರಡು ವೈರು ಬಿಚ್ಚಿ ಮೀಟರ್ ಹಿಡಿದೆ. ಹನ್ನೆರಡು ವೋಲ್ಟ್, ಚೊಕ್ಕ! ವೈರ್ ಮತ್ತೆ ಹಚ್ಚಿ ಚಾವಿ ತಿರುಗಿಸಿದೆ. ಮತ್ತೆ ಟಕ್ ಇಲ್ಲ.

ಅಂದರೆ ಕಾಂಟ್ಯಾಕ್ಟರೇ ಸತ್ತಿದೆ. ಹುಬ್ಬಳ್ಳಿಯಿಂದ ಹೊಸದು ತರಿಸಬೇಕು. ಬೋರ್ಡಿನ ಮುಂದೆ ನಿಂತ ಗತ್ತಿನಲ್ಲೇ ಇದನ್ನು ದೊಡ್ಡವ್ವನಿಗೆ ವಿವರಿಸಿದೆ.

"ಮಹಬೂಬಗ ಫೋನ್ ಹಚ್ಚು," ಅಂದಳು.

ಅದೊಂದು ಬೇಡವಾಗಿತ್ತು.

ಮಹಬೂಬ ನನ್ನ ಜೊತೆ ಒಂದೇ ಸಾಲಿಯಲ್ಲಿ ಓದಿದ ಗೆಳೆಯ. ಇಳಕಲ್ಲಿನಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ಅವನದು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಈ ಕಾರು ಕಟ್ಟಿದವನು ಅವನು. ಎಂಟು ತಿಂಗಳು, ಪ್ರತಿ ರವಿವಾರ, ನಮ್ಮ ಅಂಗಳದಲ್ಲಿ ಕಾರಿನಡಿ ಅಂಗಾತ ಮಲಗಿ. ನಾನು ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದೆ, ಚಹಾ ಕೊಡುತ್ತಿದ್ದೆ, ಸಲಹೆ ಕೊಡುತ್ತಿದ್ದೆ. ಬರೆಯುವಾಗ ಮಾತ್ರ "ನಾನು ಕಟ್ಟಿದ ಕಾರು" ಅಂತಾಯಿತು. ಅವನ ಹೆಸರು ಎಲ್ಲೂ ಬರಲಿಲ್ಲ. ಅದಕ್ಕಿಂತ ಹೊಲಸು ಕೆಲಸ ಫೋಟೋದ ದಿನ ಮಾಡಿದ್ದೆ. ಕಾರಿನ ಪಕ್ಕದಲ್ಲಿ ನಿಂತಿದ್ದವನಿಗೆ, "ಮಹಬೂಬ, ಸ್ವಲ್ಪ ಸರೀತಿಯಾ? ನೆರಳು ಬೀಳಾಕತ್ತೈತಿ," ಅಂದಿದ್ದೆ.

ನೆರಳೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅವನ ಅಂಗಿ ಗ್ರೀಸ್ ಆಗಿತ್ತು.

ಲೇಖನ ಬಂದ ಮೇಲೆ ಅವನು ನನ್ನ ಫೋನ್ ಎತ್ತುವುದನ್ನೇ ಬಿಟ್ಟ. ಈಗ ರಸ್ತೆಯ ಪಕ್ಕ ನಿಂತೂ ಹಚ್ಚಿದೆ. ಎರಡು ಸಲ. ಎತ್ತಲಿಲ್ಲ.

ದೊಡ್ಡವ್ವ ಸೊಂಟದಿಂದ ತನ್ನ ಗುಂಡಿ ಫೋನ್ ತೆಗೆದಳು. ಬೆರಳಿನಲ್ಲೇ ತಡವಿ ಮೂರನೇ ಗುಂಡಿ ಒತ್ತಿದಳು. ಅವನು ಕೂಡಲೇ ಎತ್ತಿದ! "ಮಹಬೂಬಾ, ಈ ಹುಚ್ಚ ನನ್ನ ನಡು ಹಾದಿಯಾಗ ಕುಂದರಿಸ್ಯಾನ. ಹುನಗುಂದ ದಾಟಿ ಅದೀವಿ. ಬೈಕ್ ತಂದು ನನ್ನ ಮನಿಗೆ ಬಿಡಪಾ."

ಅರ್ಧ ತಾಸಿನಲ್ಲಿ ಬಂದ. ನನ್ನ ಕಡೆ ನೋಡಲಿಲ್ಲ. "ದೊಡ್ಡವ್ವ, ಮನಿಗಲ್ಲ, ದವಾಖಾನಿಗೆ ಹೋಗೂಣು. ಹತ್ತು ಮಿನಿಟ್ ಕೊಡು," ಅಂದು ಬಾನೆಟ್ ಎತ್ತಿದ.

"ಕಾಂಟ್ಯಾಕ್ಟರ್ ಹೋಗೈತಿ. ಹನ್ನೆರಡು ವೋಲ್ಟ್ ಬರಾಕತ್ತೈತಿ, ನಾ ನೋಡೇನಿ," ಅಂದೆ.

ಅವನು ಕಿಸೆಯಿಂದ ಎರಡು ವೈರ್ ಕಟ್ಟಿದ ಹಳೇ ಹೆಡ್‌ಲೈಟ್ ಬಲ್ಬ್ ತೆಗೆದ. ನಾನು ಮೀಟರ್ ಹಿಡಿದಿದ್ದ ಜಾಗಕ್ಕೇ ಹಿಡಿದ. ಬಲ್ಬ್ ಉರಿಯಲೇ ಇಲ್ಲ. ಮೀಟರ್ ಹಿಡಿದರೆ ಮತ್ತೆ ಹನ್ನೆರಡು!

"ಮೀಟರ್ ಏನೂ ತಗೊಳ್ಳೂದಿಲ್ರಿ ಸರ್, ಸುಮ್ನ ನೋಡತೈತಿ," ಅಂದ. "ಬಲ್ಬ್ ಕರೆಂಟ್ ಕೇಳತೈತಿ. ಕೇಳಿದಾಗ ಕೊಡಬೇಕಲ್ಲ? ಎಲ್ಲೋ ಜಾಯಿಂಟ್ ಸಡ್ಲ ಆಗೈತಿ."

ಆಂತರಿಕ ರೋಧ, ಸಂಪರ್ಕ ರೋಧ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಅದಿರಲಿ. ನನಗೆ ಚುಚ್ಚಿದ್ದು ಆ "ಸರ್". ನಲವತ್ತು ವರ್ಷದಲ್ಲಿ ಅವನು ನನ್ನನ್ನು ಲೇ ಬಿಟ್ಟು ಬೇರೆ ಏನೂ ಕರೆದವನಲ್ಲ.

"ಏನಾದ್ರೂ ಬೇಕಾದ್ರ ಹೇಳ್ರಿ" ಅಂತ ದಿನಾ ವಾಟ್ಸಾಪಿನಲ್ಲಿ ಕೈ ಮುಗಿಯುವವರು ನಮಗೆಷ್ಟು ಜನ ಇದ್ದಾರೆ? ಎಲ್ಲರೂ ಹನ್ನೆರಡು ವೋಲ್ಟ್. ಬಲ್ಬ್ ಹಿಡಿದು ನೋಡಿದ್ದೀರಾ? (ಮೊದಲು ನನಗೇ ಹಿಡಿಯಬೇಕಿತ್ತು.)

ಮಹಬೂಬ ಕಾಂಟ್ಯಾಕ್ಟರಿನ ವೈರ್ ಹಿಡಿದು, ಅಲುಗಾಡಿಸುತ್ತಾ ಡ್ಯಾಶ್‌ಬೋರ್ಡಿನ ಕೆಳಗೆ ಹೋದ. ಅಲ್ಲಿಂದ ಒಂದು ಜಾಯಿಂಟ್ ಹೊರಗೆಳೆದ. ಬರೀ ಕೈಯಿಂದ ತಿರುವಿ ಟೇಪ್ ಸುತ್ತಿದ್ದು. ಒಳಗೆ ತಾಮ್ರ ಹಸಿರಾಗಿತ್ತು, ಒಂದೇ ಒಂದು ಎಳೆ ಹಿಡಿದುಕೊಂಡಿತ್ತು. ಅವನ ಜಾಯಿಂಟುಗಳೆಲ್ಲ ಬೆಸುಗೆ ಹಾಕಿದವು. ಹಾಗಾದರೆ ಇದು?

ಫೋಟೋದಲ್ಲಿ ಚೆಂದ ಕಾಣಲಿ ಅಂತ ಡ್ಯಾಶ್‌ಬೋರ್ಡಿಗೆ ಒಂದು ನೀಲಿ ಲೈಟು ಹಾಕಿದ್ದೆ. ಅವನು ಇಲ್ಲದಾಗ, ಆ ವೈರನ್ನೇ ಕತ್ತರಿಸಿ.

"ಇದನ್ನ ಯಾರ ಮಾಡ್ಯಾರ?" ಅಂತ ಕೇಳಿದ. ಗೊತ್ತಿದ್ದೇ ಕೇಳಿದ.

"ನಾನಽ," ಅಂದೆ. "ಮಹಬೂಬ, ಪೇಪರಿನ್ಯಾಗ ನಿನ್ನ ಹೆಸರು ಬಿಟ್ಟಿದ್ದು... ಫೋಟೋದಾಗ ಬಾಜೂಕ ಸರಿ ಅಂದಿದ್ದು... ತಪ್ಪಾತು."

ಅವನು ಹಲ್ಲಿನಲ್ಲಿ ವೈರಿನ ಸಿಪ್ಪೆ ಸುಲಿಯುತ್ತಿದ್ದ. ಉಗುಳಿ ಹೇಳಿದ: "ಆ ಫೋಟೋದಾಗ ನನ್ನ ಮೊಣಕೈ ಬಂದೈತಿ, ನೋಡಿಯೇನು? ಮನಿಯಾಗ ತೋರಿಸಿದೆ, ಇದ ನಾನು ಅಂತ. ಯಾರೂ ನಂಬಲಿಲ್ಲ."

ಅವನೇ ಮೊದಲು ನಕ್ಕ. ನಂತರ ಬೈದ. ಇಳಕಲ್ಲಿನ ಶುದ್ಧ ಬೈಗುಳ, ಇಲ್ಲಿ ಅಚ್ಚು ಮಾಡಲಾಗದ್ದು, "ಲೇ" ಯಿಂದ ಶುರುವಾಗಿದ್ದು. ಎರಡು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಮಾಧಾನ ಅದು.

ಜಾಯಿಂಟ್ ಬಿಗಿಯಾಯಿತು. ಚಾವಿ ತಿರುಗಿಸಿದ. ಟಕ್!

"ಹಾಳಾಗಿ ಹೋಗ್ರಿ," ಅಂದಳು ದೊಡ್ಡವ್ವ. ಅವಳ ಕೊನೆಯ ನೆವವೂ ಹೋಗಿತ್ತು.

ಬೈಕನ್ನು ಹತ್ತಿರದ ಚಹಾದಂಗಡಿಯಲ್ಲಿ ಬಿಟ್ಟು ಮಹಬೂಬನೇ ಸ್ಟೇರಿಂಗ್ ಹಿಡಿದ. ಹನ್ನೊಂದಕ್ಕೆ ಐದು ಮಿನಿಟ್ ಇರುವಾಗ ದವಾಖಾನೆ ಮುಟ್ಟಿದೆವು. ಆಪರೇಷನ್ ಸುಸೂತ್ರವಾಯಿತು.

ಮರುದಿನ ಪಟ್ಟಿ ಬಿಚ್ಚಿದರು. ಇಬ್ಬರೂ ಆಚೀಚೆ ಕೈ ಹಿಡಿದು ಹೊರಗೆ ಕರೆತಂದೆವು. ಬಿಸಿಲಿಗೆ ಕೈ ಅಡ್ಡ ಹಿಡಿದು ಕಾರಿನ ಮುಂದೆ ನಿಂತಳು. ತೇಪೆ ಹಚ್ಚಿದ ಬಣ್ಣದ ಬಾಗಿಲು, ತಂತಿಯಿಂದ ಬಿಗಿದ ಬಂಪರ್, ಬಾನೆಟ್ಟಿನಿಂದ ಇಣುಕುವ ಕೆಂಪು ಕೇಬಲ್ಲು, ಎಲ್ಲವನ್ನೂ ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ನೋಡಿದಳು.

"ಕಣ್ಣ ಮೊದಲಽ ಕಾಣತಿದ್ರ," ಅಂದಳು, "ನಾ ಇದನ್ನ ಹತ್ತತಿದ್ನೇನ್ರೋ?"