ಗಂಗೆ ತೂಗದೆ ಬಿಟ್ಟ ಮನೆಗಳು

ಗಂಗೆಗೆ ಐವತ್ತೇಳು ವರ್ಷ. ನೆಲ್ಯಹುದಿಕೇರಿಯಿಂದಾಚೆ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯೊಂದರಲ್ಲಿ ವಾಸ. ಒಂಬತ್ತು ವರ್ಷದಿಂದ ಪಂಚಾಯಿತಿಯ ಕಸದ ಗಾಡಿಯಲ್ಲಿ ಕೆಲಸ. ಚೀಲ ಎತ್ತಿದ ಕೂಡಲೇ ತೂಕ ಹೇಳಿಬಿಡುತ್ತಿದ್ದಳು. ಕಾಲು ಕಿಲೋಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಹಸಿ ಕಸ, ಒಣ ಕಸ ಬೆರೆಸಿ ಕೊಟ್ಟರೆ, "ಮೇಷ್ಟ್ರೇ, ಮಕ್ಕಳಿಗೂ ಹೀಗೇ ಕಲಸಿ ಪಾಠ ಹೇಳ್ತೀರಾ?" ಎಂದು ನಗುತ್ತಲೇ ಚೀಲ ವಾಪಸು ಕೊಡುತ್ತಿದ್ದಳು.

ಎರಡು ವರ್ಷದ ಹಿಂದೆ, ಮುಂದಿನ ಇಪ್ಪತ್ತು ವರ್ಷದ ಕಸ ವಿಲೇವಾರಿ ಯೋಜನೆಗೆಂದು ಸಮೀಕ್ಷೆ ನಡೆಯಿತು. ಅಮೃತಾ ಎಂಬ ಎಂಜಿನಿಯರ್ ಬಂದಳು. ಮನೆಗೆರಡು ಚೀಲ ಕೊಡುವುದು, ಮರುದಿನ ಅದೇ ಹೊತ್ತಿಗೆ ತೂಗಿ ಬರೆಯುವುದು. ದಾರಿ ತೋರಿಸುವವಳು ಗಂಗೆ. ಎಂಟನೆಯ ದಿನ ಲೈನಿನ ತಿರುವಿನಲ್ಲಿ ಅಮೃತಾ ನಿಂತಳು.

"ಗಂಗಕ್ಕ, ಈ ಕಡೇನೂ ಮನೆ ಇದೆಯಲ್ಲ?"

ಕಸದ ಗಾಡಿ ಆ ಕಡೆ ಹೋಗುತ್ತಿರಲಿಲ್ಲ. ಲೈನಿನ ಹಿಂದೆ ಎಲ್ಲರೂ ಕಸ ಸುಡುವ ಗುಂಡಿಯಿತ್ತು. ಗಂಗೆಯೂ ಅಲ್ಲೇ ಸುಡುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳುವವಳ ಹಿತ್ತಿಲು ಈ ಹುಡುಗಿಯ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

"ನಮ್ಮ ಲೈನಲ್ಲಿ ಕಸ ಎಲ್ಲಿಂದ ಬರ್ಬೇಕು ಮೇಡಂ? ಮಿಕ್ಕಿದ್ದು ನಾಯಿಗೆ, ಹರಿದದ್ದು ನೆಲ ಒರೆಸೋಕೆ. ಸುಮ್ನೆ ಚೀಲ ದಂಡ."

ಅಮೃತಾ ನಕ್ಕಳು. ಆ ಮನೆಗಳಿಗೆ ಪಂಚಾಯಿತಿಯ ಡೋರ್ ನಂಬರೂ ಇರಲಿಲ್ಲ. ಹಾಳೆಯಲ್ಲಿ ಸೊನ್ನೆ ಬರೆದು ಮುಂದೆ ಹೋದಳು.

ಈ ಜನವರಿಯ ಗ್ರಾಮಸಭೆಯಲ್ಲಿ ನಕ್ಷೆ ತೂಗುಹಾಕಿದ್ದರು. ಕಸ ತೂಗಿದ ಪ್ರತಿ ಮನೆಗೊಂದು ಚುಕ್ಕೆ. ಲೈನಿದ್ದ ಜಾಗ ಖಾಲಿ. ಅದರ ಮೇಲಿನ ಇಳಿಜಾರನ್ನು ಉಳಿಕೆ ಕಸ ಹೂಳಲು ಗುರುತು ಮಾಡಿ, 'ಸುತ್ತ ಜನವಸತಿ ಇಲ್ಲ' ಎಂದು ಬರೆದಿದ್ದರು. ಆ ಇಳಿಜಾರಿನ ಬುಡದಲ್ಲೇ ಲೈನಿನವರು ಕುಡಿಯುವ ನೀರಿನ ಒರತೆ.

ಗಂಗೆ ಎದ್ದು ನಿಂತಳು. "ಅಲ್ಲಿ ನಾವಿದ್ದೀವಿ. ಮೂವತ್ನಾಲ್ಕು ಮನೆ."

ಅಮೃತಾ ಹಳೆಯ ಹಾಳೆ ಹುಡುಕಿ ತೆಗೆದಳು. "ಅಕ್ಕ, ನಾನು ಕೇಳಿದ್ದೆ," ಎಂದಳು ಮೆಲ್ಲಗೆ. ಹಾಳೆ ಮಡಚುತ್ತಾ, "ಆದ್ರೂ ಬಂದು ನೋಡ್ಬೇಕಿತ್ತು ನಾನು," ಎಂದಳು. ಆಕ್ಷೇಪಣೆಯ ಅವಧಿ ಡಿಸೆಂಬರಿಗೇ ಮುಗಿದಿತ್ತು. ಯೋಜನೆಯ ಪರಿಷ್ಕರಣೆ ಇನ್ನು ಐದು ವರ್ಷದ ಮೇಲೆ.

ಮರುದಿನ ಗಂಗೆ ತಕ್ಕಡಿ ಕೇಳಿ ತಂದು ಲೈನಿನ ಒಂದು ದಿನದ ಕಸವನ್ನೆಲ್ಲ ತೂಗಿದಳು: ಹತ್ತೊಂಬತ್ತು ಕಿಲೋ ಇನ್ನೂರು ಗ್ರಾಂ. ಅಮೃತಾ ಅದನ್ನು ಅರ್ಜಿಯಾಗಿ ಬರೆದುಕೊಟ್ಟಳು. ಕಚೇರಿಯಲ್ಲಿ ಸೀಲು ಹಾಕಿ ತೆಗೆದುಕೊಂಡರು. ಮಾರ್ಚಿನಲ್ಲಿ ಇಳಿಜಾರಿಗೆ ಜೆಸಿಬಿ ಬಂತು.

ಕಾಫಿಯ ಹೂಮಳೆ ಬಿದ್ದ ಮರುದಿನ, ಅಗೆದ ಮಣ್ಣು ಸೇರಿ ಒರತೆಯ ನೀರು ಕೆಂಪಗಿತ್ತು. ಪಕ್ಕದ ಮನೆಯ ಲಿಂಗಿ ಆಗಲೇ ಕೊಡ ಇಟ್ಟುಕೊಂಡು ಕೂತಿದ್ದಳು.

"ಹೋಗ್ಲಿ ಬಿಡೇ ಗಂಗೆ. ನೀನಾದ್ರೂ ಎದ್ದು ಮಾತಾಡಿದೆ. ಮೊದ್ಲೇ ನಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ, ನೋಡು."

ಅಂದು ತನ್ನನ್ನು ಕೇಳಿದ್ದರೆಂದು ಹೇಳಲು ಗಂಗೆ ಬಾಯಿ ತೆರೆದಳು. ಅಷ್ಟರಲ್ಲಿ ಲಿಂಗಿ ಹಳೆ ಪಂಚೆಯೊಂದನ್ನು ಕೊಡದ ಬಾಯಿಗೆ ಹರಡಿ, "ಆ ತುದಿ ಹಿಡ್ಕೊ, ಸೋಸ್ತೀನಿ," ಎಂದಳು.

ಗಂಗೆ ಹಿಡಿದುಕೊಂಡಳು.